ಎಲುಬಿನ ಹಗೇವು

ನಮ್ಮ ಮನೆಯ ಕಪಾಟಿನಲ್ಲಿ ಮೂಲೆ ಕತ್ತರಿಸಿಹೋದ ಒಂದು ಎಕ್ಸ್‌ರೇ ಫಿಲ್ಮು ಇದೆ. ಕತ್ತರಿಸಿದವನು ನನ್ನ ಮೊಮ್ಮಗ. 2019ರ ಡಿಸೆಂಬರ್ 26ರ ಬೆಳಿಗ್ಗೆ ಸೂರ್ಯಗ್ರಹಣವಿತ್ತು. ಕೊಡಗು, ಮಂಗಳೂರು ಕಡೆಯವರಿಗೆ ಸೂರ್ಯ ಬಳೆಯ ಹಾಗೆ ಕಂಡ. ಕೃಷ್ಣಾ ದಂಡೆಯ ನಮ್ಮೂರಿಗೆ ಪಾರ್ಶ್ವ ಗ್ರಹಣ ಅಷ್ಟೆ. ಆಗ ಐದನೇ ಇಯತ್ತೆಯಲ್ಲಿದ್ದ ಹುಡುಗ, ಗೆಳೆಯರ ಮಾತು ಕೇಳಿ ಫಿಲ್ಮಿನಿಂದ ಅಂಗೈಯಷ್ಟು ತುಂಡು ಕತ್ತರಿಸಿಕೊಂಡು ಅಂಗಳಕ್ಕೆ ಓಡಿದ. ನಾನು ಹಿಂದೆಯೇ ಓಡಿ ಅದನ್ನು ಕಸಿದುಕೊಂಡೆ. ಮಕ್ಕಳೇ, ಮಾತಿಗೆ ಮೊದಲೇ ಹೇಳಿಬಿಡುತ್ತೇನೆ: ಎಕ್ಸ್‌ರೇ ಫಿಲ್ಮು ಹಿಡಿದು ಸೂರ್ಯನನ್ನು ನೋಡಬೇಡಿ. ಬೆಳಕು ಮಂದವಾದಂತೆ ಕಂಡರೂ, ಕಣ್ಣಿಗೆ ಕಾಣದ ಕಿರಣಗಳು ಅದನ್ನು ದಾಟಿ ಬಂದು ಕಣ್ಣನ್ನು ಸುಡುತ್ತವೆ.

ಬೈಸಿಕೊಂಡ ಹುಡುಗ ಮುಖ ಊದಿಸಿಕೊಂಡು ಅಂದ: "ಅದರಾಗ ಏನೂ ಇಲ್ಲಂತ ಡಾಕ್ಟರ್ ಹೇಳ್ಯಾರಲ್ಲ ಅಜ್ಜಾ. ಮತ್ಯಾಕ ಬೇಕದು?"

ಅದು ಅವನ ಆಯಿಯ, ಎಂದರೆ ನಮ್ಮ ಮನೆಯಾಕೆಯ, ಟೊಂಕದ ಚಿತ್ರ. ತೆಗೆಸಿ ಎರಡು ವಾರ ಆಗಿತ್ತು. ಹುಡುಗ ಹೇಳಿದ್ದು ನಿಜ. ಅದರಲ್ಲಿ ಏನೂ ಇಲ್ಲ ಎಂದು ನಮಗೆ ಹೇಳಿದ್ದರು.

ಆ ವರ್ಷದ ಆಗಸ್ಟ್ ತಿಂಗಳನ್ನು ನಮ್ಮ ಭಾಗದ ಯಾರೂ ಮರೆತಿಲ್ಲ. ಕೃಷ್ಣೆ ದಂಡೆ ಮೀರಿ ಬಂದಳು. ಚಿಕ್ಕೋಡಿ, ರಾಯಬಾಗ, ಕಾಗವಾಡ, ಅಥಣಿ ತಾಲ್ಲೂಕುಗಳ ನದಿದಂಡೆಯ ಊರುಗಳು ನೀರಲ್ಲಿ ನಿಂತವು. ನಮ್ಮ ಮನೆಯೊಳಗೂ ಮೊಳಕಾಲುದ್ದ ನೀರು ಬಂತು. ಇವಳು ಜೋಳದ ಚೀಲ, ಹಾಸಿಗೆ, ದೇವರ ಜಗುಲಿಯ ಸಾಮಾನು ಎಲ್ಲವನ್ನೂ ಮಾಳಿಗೆಗೆ ಸಾಗಿಸಿದಳು. ನೀರು ಇಳಿದ ಮೇಲೆ ಶುರುವಾದದ್ದು ಟೊಂಕನೋವು. ಅರವತ್ತಾರರ ವಯಸ್ಸಿನಲ್ಲಿ ಚೀಲ ಎತ್ತಿದರೆ ಇನ್ನೇನಾಗುತ್ತದೆ ಎಂದು ಎಲ್ಲರೂ ಅಂದರು, ನಾನೂ ಅಂದೆ. ಇವಳ ತವರು ನಿಪ್ಪಾಣಿ ಸೀಮೆ. ಅಲ್ಲಿ ತಂಬಾಕಿನ ಹೊಲದಲ್ಲಿ ಬಗ್ಗಿ ಎದ್ದ ಹೆಂಗಸರು, ದಿನವಿಡೀ ಕೂತು ಬೀಡಿ ಕಟ್ಟಿದ ಹೆಂಗಸರು ಎಲ್ಲರಿಗೂ ಟೊಂಕನೋವು ಇದ್ದದ್ದೇ. ಟೊಂಕನೋವನ್ನು ಯಾರೂ ಬ್ಯಾನಿ ಎಂದು ಲೆಕ್ಕಕ್ಕೆ ಹಿಡಿಯುವುದಿಲ್ಲ.

ಎಣ್ಣೆ ತಿಕ್ಕಿದ್ದಾಯಿತು, ಬಿಸಿನೀರಿನ ಶಾಖ ಆಯಿತು, ಪಟ್ಟು ಹಾಕಿಸಿದ್ದಾಯಿತು. ಅಂಗಡಿಯಿಂದ ನೋವಿನ ಗುಳಿಗೆ ತಂದು ನಾನೇ ಕೊಟ್ಟೆ, ದಿನಕ್ಕೆ ಎರಡರ ಹಾಗೆ. ಆ ಗುಳಿಗೆಗಳು ಮೂತ್ರಪಿಂಡಕ್ಕೆ ಕೆಟ್ಟವು, ಇವಳಿಗಿದ್ದ ಬ್ಯಾನಿಯಲ್ಲಂತೂ ಇನ್ನೂ ಕೆಟ್ಟವು ಎಂದು ಆಮೇಲೆ ತಿಳಿಯಿತು. ಡಿಸೆಂಬರಿನಲ್ಲಿ ಹತ್ತಿರದ ಊರಿನ ಒಬ್ಬ ಡಾಕ್ಟರು ಆ ಎಕ್ಸ್‌ರೇ ತೆಗೆಸಿ, ವಯಸ್ಸಿನ ಸವಕಳಿ, ಬೇರೇನಿಲ್ಲ ಎಂದರು. ನಾವು ನೆಮ್ಮದಿಯಿಂದ ಮನೆಗೆ ಬಂದೆವು. ಇವಳು ಬಿಳಿಚಿಕೊಳ್ಳುತ್ತಿದ್ದಳು, ಎರಡು ಮೆಟ್ಟಿಲು ಹತ್ತಿದರೆ ಉಸಿರು ಹತ್ತುತ್ತಿತ್ತು, ರಾತ್ರಿ ಎದ್ದೆದ್ದು ನೀರು ಕುಡಿಯುತ್ತಿದ್ದಳು. ಮಲಗಿದರೂ ನೋವು ಇಳಿಯುತ್ತಿರಲಿಲ್ಲ. ಇವನ್ನೆಲ್ಲ ನಾನು ನೋಡುತ್ತಿದ್ದೆ. ಒಂದಕ್ಕೊಂದು ಜೋಡಿಸಿ ನೋಡಲಿಲ್ಲ.

ಫೆಬ್ರವರಿಯಲ್ಲಿ ಒಂದು ದಿನ ಚರಗಿ ಎತ್ತಲು ಬಗ್ಗಿದವಳು "ಯಪ್ಪಾ" ಎಂದು ಕುಸಿದು ಕೂತಳು. ತುಂಬಿದ ಕೊಡವಲ್ಲ, ಬರೀ ಒಂದು ಚರಗಿ. ಮಗ ಗಾಡಿ ಮಾಡಿ ಮೀರಜಕ್ಕೆ ಕರೆದೊಯ್ದ.

ಮೀರಜ ಯಾಕೆ ಎಂದು ದಕ್ಷಿಣದ ಓದುಗರು ಕೇಳಬಹುದು. ಕಾಗವಾಡ ದಾಟಿದರೆ ಮಹಾರಾಷ್ಟ್ರದ ಗಡಿ, ಗಡಿ ದಾಟಿದ ಸ್ವಲ್ಪ ಹೊತ್ತಿಗೆ ಮೀರಜ. 1894ರಲ್ಲಿ ಡಾ. ವಿಲಿಯಂ ವಾನ್‌ಲೆಸ್ ಅಲ್ಲಿ ಮಿಷನ್ ಆಸ್ಪತ್ರೆ ಕಟ್ಟಿದಾಗಿನಿಂದ ಅದು ದವಾಖಾನೆಗಳ ಊರು. ನನ್ನ ಅಪ್ಪನನ್ನು ಅಲ್ಲಿಗೆ ಚಕ್ಕಡಿಯಲ್ಲಿ ಒಯ್ದಿದ್ದರಂತೆ. ಅಲ್ಲಿ ಡಾಕ್ಟರು ಮರಾಠಿಯಲ್ಲಿ ಕೇಳುತ್ತಾರೆ, ನಾವು ಕನ್ನಡದಲ್ಲಿ ಹೇಳುತ್ತೇವೆ, ಯಾರಿಗೂ ತೊಡಕಾಗುವುದಿಲ್ಲ.

ಅಲ್ಲಿನ ಒಂದು ದವಾಖಾನೆಯ ಚಿಕ್ಕ ವಯಸ್ಸಿನ ಡಾಕ್ಟರಮ್ಮ ಟೊಂಕ ನೋಡುವ ಮೊದಲು ಇವಳ ಕಣ್ಣಿನ ಕೆಳರೆಪ್ಪೆ ಎಳೆದು ನೋಡಿದರು. "ಆಜಿ, ನಿಮಗ ರಕ್ತ ಎಲ್ಲಿ ಹೋತ್ರಿ?" ಎಂದರು. ರಕ್ತ ತಪಾಸಣೆಯಲ್ಲಿ ಹಿಮೋಗ್ಲೋಬಿನ್ 7.8 ಬಂತು. ಕ್ಯಾಲ್ಸಿಯಂ ಹೆಚ್ಚು, ಮೂತ್ರಪಿಂಡದ ಲೆಕ್ಕವೂ ಸ್ವಲ್ಪ ಏರಿತ್ತು. ಟೊಂಕ ನೋಯುವ ಹೆಂಗಸಿಗೆ ತಲೆಬುರುಡೆಯ ಎಕ್ಸ್‌ರೇ ಬರೆದುಕೊಟ್ಟರು. ಇದೇನು ವಿಚಿತ್ರ, ದುಡ್ಡು ಕೀಳುವ ದಾರಿಯೋ ಎಂದು ನನಗೆ ಅನಿಸಿದ್ದನ್ನು ಮುಚ್ಚಿಡುವುದಿಲ್ಲ.

ಫಿಲ್ಮನ್ನು ಬೆಳಕಿನ ಪೆಟ್ಟಿಗೆಗೆ ಸಿಕ್ಕಿಸಿದರು. ತಲೆಬುರುಡೆಯ ತುಂಬ ಸಣ್ಣ ಸಣ್ಣ ದುಂಡನೆಯ ಕಪ್ಪು ಚುಕ್ಕೆಗಳು, ದಬ್ಬಣದಿಂದ ಚುಚ್ಚಿ ಚುಚ್ಚಿ ತೆಗೆದ ಹಾಗೆ. ಡಾಕ್ಟರಮ್ಮ ನಮ್ಮನ್ನು ಹೊರಗೆ ಕರೆದು ಮಗನಿಗೂ ನನಗೂ ಹೇಳಿದರು: "ಗುರೂಜಿ, ಇದು ಮಲ್ಟಿಪಲ್ ಮೈಲೋಮಾ ಇರಬಹುದು. ಎಲುಬಿನ ಮಜ್ಜೆಯ ಕ್ಯಾನ್ಸರ್. ಆದರ ಫೋಟೋ ಬ್ಯಾನಿಯ ಹೆಸರು ಹೇಳೂದಿಲ್ಲ, ಜಾಗಾ ಅಷ್ಟ ತೋರಸ್ತದ. ಹೆಸರು ಹೇಳಾಕ ರಕ್ತ, ಮೂತ್ರದಾಗಿನ ಪ್ರೋಟೀನ್ ನೋಡಬೇಕು, ಮಜ್ಜೆಯ ಚೂರು ತಗೀಬೇಕು."

ಹಳೆಯ ಎಕ್ಸ್‌ರೇ ಇದ್ದರೆ ಕೊಡಿ ಎಂದು ಕೇಳಿದರು. ಮಗ ಮೂಲೆ ಕತ್ತರಿಸಿದ ಫಿಲ್ಮನ್ನು ಚೀಲದಿಂದ ತೆಗೆದ. ನಾನು ನಾಚಿಕೆಯಿಂದ ಗ್ರಹಣದ ಕತೆ ಹೇಳಿದೆ. ಅವರು ನಗಲಿಲ್ಲ. ಬಹಳ ಹೊತ್ತು ನೋಡಿ, ಮೂಲೆ ಇದ್ದಿದ್ದರೂ ಇದರಲ್ಲಿ ಸಿಗುತ್ತಿರಲಿಲ್ಲ ಎಂದರು. ಎಲುಬಿನ ಸುಣ್ಣದ ಅಂಶ ಶೇಕಡಾ 30ಕ್ಕೂ ಹೆಚ್ಚು ಕರಗಿದ ಮೇಲೆಯೇ ಎಕ್ಸ್‌ರೇಯಲ್ಲಿ ತೂತು ಕಾಣುವುದಂತೆ. ಅಲ್ಲಿಯವರೆಗೆ ಚಿತ್ರ ಚೊಕ್ಕಟವಾಗಿಯೇ ಬರುತ್ತದೆ. 'ಏನೂ ಕಾಣಲಿಲ್ಲ' ಎನ್ನುವುದನ್ನು ನಾವು 'ಏನೂ ಇಲ್ಲ' ಎಂದು ಕೇಳಿಸಿಕೊಂಡಿದ್ದೆವು.

ಇದನ್ನು ಮೊಮ್ಮಗನಿಗೆ ತಿಳಿಸುವಾಗ ನನಗೆ ನೆನಪಾದದ್ದು ನಮ್ಮ ಹಳೆಯ ಮನೆಯ ಹಗೇವು. ಈಗಿನ ಮಕ್ಕಳು ಹಗೇವು ನೋಡಿರಲಿಕ್ಕಿಲ್ಲ. ನೆಲದಲ್ಲಿ ಆಳವಾಗಿ ತೋಡಿದ ಗುಂಡಿ ಅದು. ಜೋಳ ತುಂಬಿ, ಬಾಯಿಗೆ ಕಲ್ಲು ಮುಚ್ಚಿ, ಮೇಲೆ ಮಣ್ಣು ಹಾಕುತ್ತಿದ್ದರು. ಮೇಲೆ ನಾವು ಗೋಲಿ ಆಡುತ್ತಿದ್ದೆವು. ಒಳಗಿನ ಕಾಳು ಹೇಗಿದೆ ಎಂದು ಮೇಲಿನಿಂದ ತಿಳಿಯುವಂತಿರಲಿಲ್ಲ. ತೆರೆದ ದಿನ ಮೊದಲು ಕಂದೀಲು ಇಳಿಬಿಟ್ಟು ನೋಡುತ್ತಿದ್ದರು. ದೀಪ ಆರಿದರೆ ಒಳಗೆ ಕೆಟ್ಟ ಗಾಳಿ, ಯಾರೂ ಇಳಿಯಕೂಡದು.

ಎಲುಬೂ ಹಾಗೆಯೇ. ಹೊರಗೆ ಗಟ್ಟಿ ಗೋಡೆ, ಒಳಗೆ ಮೆತ್ತನೆಯ ಮಜ್ಜೆ. ದೊಡ್ಡವರಲ್ಲಿ ಬೆನ್ನುಮೂಳೆ, ಪಕ್ಕೆಲುಬು, ಸೊಂಟದ ಎಲುಬು, ತಲೆಬುರುಡೆ ಇಂಥ ಕಡೆಗಳ ಮಜ್ಜೆಯಲ್ಲೇ ರಕ್ತದ ಕಣಗಳು ಹುಟ್ಟುತ್ತವೆ. ರೋಗದ ವಿರುದ್ಧ ಪ್ರತಿಕಾಯ ತಯಾರಿಸುವ ಪ್ಲಾಸ್ಮಾ ಕೋಶಗಳು ಇರುವುದೂ ಅಲ್ಲಿಯೇ. ಅಂಥದ್ದೊಂದು ಕೋಶ ದಾರಿ ತಪ್ಪಿ ತನ್ನದೇ ಸಂತತಿ ಬೆಳೆಸುತ್ತ ಹೋದರೆ ಮೈಲೋಮಾ. ಉಳಿದ ಕಣಗಳಿಗೆ ಜಾಗ ಸಾಲದೆ ರಕ್ತ ಕಡಿಮೆಯಾಗುತ್ತದೆ. ನಮ್ಮ ಎಲುಬು ದಿನಾ ಸ್ವಲ್ಪ ಸವೆದು ದಿನಾ ಸ್ವಲ್ಪ ಕಟ್ಟಿಕೊಳ್ಳುತ್ತಿರುತ್ತದೆ. ಈ ಕೆಟ್ಟ ಕೋಶಗಳು ಸವೆಸುವ ಕೋಶಗಳನ್ನು ಎಬ್ಬಿಸಿ, ಕಟ್ಟುವ ಕೋಶಗಳನ್ನು ಮಲಗಿಸುತ್ತವೆ. ಕರಗಿದ ಎಲುಬಿನ ಕ್ಯಾಲ್ಸಿಯಂ ರಕ್ತಕ್ಕೆ ಬಂದು ಬಾಯಾರಿಕೆ ಹುಟ್ಟಿಸುತ್ತದೆ. ರಾತ್ರಿ ಎದ್ದೆದ್ದು ನೀರು ಕುಡಿದದ್ದು ಅದಕ್ಕೆ.

ಎಕ್ಸ್‌ರೇ ನೋಡುವುದು ಹಗೇವಿನ ಗೋಡೆಯನ್ನು. ಗೋಡೆ ಕುಸಿದ ಮೇಲೆ ಅದು ಹೇಳುತ್ತದೆ. ಗೋಡೆ ಗಟ್ಟಿ ಇರುವಾಗಲೇ ಕಾಳು ಕೆಟ್ಟಿದ್ದರೆ? ಅದಕ್ಕೆ ಬೇರೆ ಕಂದೀಲು ಬೇಕು.

ಆ ಕಂದೀಲು ಎಂಆರ್‌ಐ. ಅದರಲ್ಲಿ ಎಕ್ಸ್‌ರೇ ಕಿರಣಗಳಿಲ್ಲ. ಇರುವುದು ದೊಡ್ಡ ಅಯಸ್ಕಾಂತ ಮತ್ತು ರೇಡಿಯೋ ಅಲೆ. ಮೈಯೊಳಗಿನ ನೀರು, ಕೊಬ್ಬುಗಳಲ್ಲಿರುವ ಹೈಡ್ರೋಜನ್ ಅಣುಗಳು ಅಲೆಗೆ ಓಗೊಟ್ಟು ಮರಳಿ ಕೊಡುವ ಸಂಕೇತವನ್ನು ಕಂಪ್ಯೂಟರು ಚಿತ್ರ ಮಾಡುತ್ತದೆ. ವಯಸ್ಸಾದವರ ಮಜ್ಜೆಯಲ್ಲಿ ಕೊಬ್ಬು ಹೆಚ್ಚು. ಒಂದು ಬಗೆಯ ಎಂಆರ್‌ಐ ಚಿತ್ರದಲ್ಲಿ ಅದು ಬೆಳ್ಳಗೆ ಕಾಣುತ್ತದೆ. ಕೆಟ್ಟ ಕೋಶಗಳು ತುಂಬಿದ ಜಾಗ ಕಪ್ಪಾಗುತ್ತದೆ. ಗೋಡೆಗೆ ಏನೂ ಆಗದಿದ್ದರೂ ಕಾಣುತ್ತದೆ.

ಯಂತ್ರದ ಕೋಣೆಗೆ ಹೋಗುವ ಮೊದಲು ಲೋಹವೆಲ್ಲ ತೆಗೆಯಬೇಕು ಎಂದಾಗ ದೊಡ್ಡ ಪಂಚಾಯಿತಿ ನಡೆಯಿತು. ತಾಳಿ ತೆಗೆಯಲಾರೆ ಎಂದು ಇವಳು ಕೂತಳು. ನರ್ಸಮ್ಮ ಅರಿಶಿನದ ಕೊಂಬು ಕಟ್ಟಿದ ದಾರವೊಂದನ್ನು ಎಲ್ಲಿಂದಲೋ ತಂದು ಕೊರಳಿಗೆ ಕಟ್ಟಿದಳು. ಇಂಥ ಆಯಿಗಳನ್ನು ಆಕೆ ದಿನಾ ಕಾಣುತ್ತಾಳೆ. ಕಾಲುಂಗುರ ಬಂದವು. ಮೂಗುಬಟ್ಟು ಮಾತ್ರ ನಲವತ್ತೆಂಟು ವರ್ಷಗಳಿಂದ ತೆಗೆದದ್ದೇ ಅಲ್ಲ. ಸಬಕಾರದ ನೀರು ಹಚ್ಚಿ, ತಿರುವಿ ತಿರುವಿ, ಅರ್ಧ ತಾಸಿನ ಮೇಲೆ ಬಂತು. ಎಲ್ಲವನ್ನೂ ಕರವಸ್ತ್ರದಲ್ಲಿ ಗಂಟು ಕಟ್ಟಿ ಮೊಮ್ಮಗನ ಕೈಗೆ ಕೊಟ್ಟಳು. ರಜೆ ಹಾಕಿಸಿಕೊಂಡು ಬಂದಿದ್ದ ಹುಡುಗ ಮುಕ್ಕಾಲು ತಾಸು ಆ ಗಂಟನ್ನು ಎರಡೂ ಕೈಯಲ್ಲಿ ಹಿಡಿದು ಅಲುಗದೆ ಕೂತಿದ್ದ. ಒಳಗಿನಿಂದ ಟಕಟಕ, ಧಡಧಡ ಸದ್ದು. ಹೊರಗೆ ಬಂದವಳು ಅಂದಳು: "ಗಿರಣಿಯಾಗ ಮಲಗಿ ಬಂದಂಗಾತು."

1895ರ ಡಿಸೆಂಬರಿನಲ್ಲಿ ಜರ್ಮನಿಯ ರಾಂಟ್‌ಜೆನ್ ತನ್ನ ಹೆಂಡತಿಯ ಕೈಯ ಎಕ್ಸ್‌ರೇ ತೆಗೆದ. ಆ ಚಿತ್ರದಲ್ಲಿ ಎಲುಬಿನ ಬೆರಳು, ಬೆರಳಿಗೆ ಉಂಗುರ. ಶಾಲೆಯಲ್ಲಿ ಅದನ್ನು ಎಷ್ಟೋ ವರ್ಷ ತೋರಿಸಿ ಪಾಠ ಹೇಳಿದ್ದೆ. ಆಕೆಗೆ ಉಂಗುರ ತೆಗೆಯುವ ಗೋಜು ಇರಲಿಲ್ಲ ನೋಡಿ. ಅದಕ್ಕೂ 50 ವರ್ಷ ಹಿಂದೆ, 1845ರಲ್ಲಿ, ಲಂಡನ್ನಿನ ಒಬ್ಬ ಕಿರಾಣಿ ವ್ಯಾಪಾರಿಗೆ ಇದೇ ಬ್ಯಾನಿ ಬಂದಿತ್ತು. ಅವನ ಮೂತ್ರದಲ್ಲಿದ್ದ ವಿಚಿತ್ರ ಪ್ರೋಟೀನನ್ನು ಪರೀಕ್ಷಿಸಿದವನು ಹೆನ್ರಿ ಬೆನ್ಸ್ ಜೋನ್ಸ್. ಆ ಪ್ರೋಟೀನಿಗೆ ಇಂದಿಗೂ ಅವನದೇ ಹೆಸರು. ಅವನ ಎಲುಬುಗಳು ಚಾಕುವಿಗೆ ಸಿಗುವಷ್ಟು ಮೆತ್ತಗಾಗಿದ್ದವು ಎಂದು ಡಾಕ್ಟರರು ನೋಡಿದ್ದು ಅವನು ಸತ್ತ ಮೇಲೆ. ಬದುಕಿದ್ದವರ ಎಲುಬಿನೊಳಗೆ ನೋಡುವ ದಾರಿ ಆಗ ಇರಲಿಲ್ಲ.

ಎಂಆರ್‌ಐಯಲ್ಲಿ ಬೆನ್ನಿನ ಒಂದು ಮಣಿ ಕುಸಿದದ್ದು, ಇನ್ನು ನಾಲ್ಕು ಕಡೆ ಮಜ್ಜೆ ಕಪ್ಪಾದದ್ದು ಕಂಡಿತು. ಆ ನಾಲ್ಕೂ ಕಡೆ ಎಕ್ಸ್‌ರೇ ಚೊಕ್ಕಟವಾಗಿತ್ತು. ಸೊಂಟದ ಎಲುಬಿನಿಂದ ಸೂಜಿ ಹಾಕಿ ತೆಗೆದ ಮಜ್ಜೆ, ರಕ್ತದಲ್ಲಿನ ಪ್ರೋಟೀನು ಎರಡೂ ಡಾಕ್ಟರಮ್ಮನ ಅನುಮಾನವನ್ನು ನಿಜ ಮಾಡಿದವು. 2014ರಿಂದ ಈ ಬ್ಯಾನಿಯ ಅಂತಾರಾಷ್ಟ್ರೀಯ ತಜ್ಞರು ಒಂದು ನಿಯಮ ಬದಲಿಸಿದ್ದಾರಂತೆ. ಮಜ್ಜೆಯಲ್ಲಿ ಮೈಲೋಮಾ ಇದೆ ಎಂದು ಖಚಿತವಾದವರಿಗೆ ಎಂಆರ್‌ಐಯಲ್ಲಿ ಇಂಥ ಕಲೆ ಒಂದಕ್ಕಿಂತ ಹೆಚ್ಚು ಕಂಡರೆ, ಎಲುಬು ಮುರಿಯುವವರೆಗೆ ಕಾಯದೆ ಔಷಧ ಶುರು ಮಾಡಬಹುದು. ನಾವು ಮುರಿದ ಮೇಲೆ ಹೋಗಿದ್ದೆವು.

ಇವಳಿಗೆ ಹೇಳುವುದೋ ಬೇಡವೋ ಎಂಬ ಮಾತು ಆಮೇಲೆ ಬಂತು. ಮಕ್ಕಳು, ಸೊಸೆಯಂದಿರು, ಇವಳ ತಮ್ಮ, ಎಲ್ಲರೂ ಸೇರಿ ಬೇಡ ಎಂದರು. ಎಲುಬಿನ ಸವಕಳಿ ಎಂದು ಹೇಳೋಣ, ಕ್ಯಾನ್ಸರ್ ಅಂದರೆ ಅರ್ಧ ಜೀವ ಅಲ್ಲೇ ಹೋಗುತ್ತದೆ. ನಾನೂ ಒಪ್ಪಿದೆ. ಒಪ್ಪಿದ್ದು ಇವಳ ಮೇಲಿನ ಕರುಣೆಯಿಂದಲೋ ನನ್ನ ಹೆದರಿಕೆಯಿಂದಲೋ, ಈಗಲೂ ಹೇಳಲಾರೆ.

ಮೂರನೇ ದಿನ ಸಂಜೆ ಇವಳು ಮೊಮ್ಮಗನಿಗೆ "ತಮ್ಮಾ, ಆ ಫೋಟೋ ತಾ, ನನ್ನ ತಲೀ ನಾನ ನೋಡಿಲ್ಲ" ಎಂದಳು. ಅವನಿಗೆ ನಮ್ಮ ಪಿತೂರಿ ಗೊತ್ತಿರಲಿಲ್ಲ. ತಂದು ಕಿಟಕಿಯ ಬೆಳಕಿಗೆ ಹಿಡಿದ. ನಾನು ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದೆ, ಒಳಗೆ ಹೋಗಲಿಕ್ಕೆ ಕಾಲು ಬರಲಿಲ್ಲ. ಅವಳು ಬಹಳ ಹೊತ್ತು ನೋಡಿದಳು. ಬೆರಳಿನಿಂದ ಒಂದೊಂದೇ ಚುಕ್ಕೆ ಮುಟ್ಟಿದಳು.

"ನುಸಿ ಹತ್ತೈತಿ," ಎಂದಳು. "ನುಸಿ ಹತ್ತಿದ ಜ್ವಾಳ ಹಿಂಗ ಇರತೈತಿ. ಮ್ಯಾಲ ಗುಂಡಗ ಕಾಣತೈತಿ, ಹಿಚಗಿದ್ರ ಹಿಟ್ಟು." ಆಮೇಲೆ ತಿರುಗಿ ನೋಡದೆಯೇ ನನಗೆ ಕೇಳಿದಳು: "ಏನ್ರೀ, ಕ್ಯಾನ್ಸರ್ ಅಲ್ಲೇನ್ರೀ ಇದು?"

ಹೌದು ಎಂದೆ. ಜೋಳ ಹಸನ ಮಾಡುತ್ತ ಒಂದು ಜನ್ಮ ಕಳೆದವಳಿಗೆ ಸವಕಳಿಯ ಕತೆ ಹೇಳಿ ನಂಬಿಸುತ್ತೇವೆಂದು ನಾವು ಕೂತಿದ್ದೆವು. ಅವಳು ಅಳಲಿಲ್ಲ. ಸ್ವಲ್ಪ ಹೊತ್ತು ಸುಮ್ಮನಿದ್ದು, "ಎಲ್ಲಾ ಕಾಳಿಗೂ ಹತ್ತೈತೋ, ಮ್ಯಾಲಿಂದಕ್ಕ ಅಷ್ಟ ಹತ್ತೈತೋ? ಅದನ್ನ ಕೇಳ್ರಿ ಡಾಕ್ಟರಗ" ಎಂದಳು.

ಅದೇ ಪ್ರಶ್ನೆಯನ್ನು ಡಾಕ್ಟರಮ್ಮನ ಮುಂದೆ ಇಟ್ಟಾಗ ಅವರು ಮೊದಲ ಸಲ ನಕ್ಕರು. ಅದನ್ನು ನೋಡಲೆಂದೇ ಪೆಟ್-ಸಿಟಿ ಎಂಬ ಸ್ಕ್ಯಾನಿಗೆ ದೊಡ್ಡ ಊರಿಗೆ ಬರೆದುಕೊಟ್ಟಿದ್ದರು. ಮಕ್ಕಳೇ, ಈ ಸ್ಕ್ಯಾನಿನ ಕತೆ ಕಬ್ಬಿನ ಸೀಮೆಯ ನಮಗೆ ಬಹಳ ಹಿಡಿಸಿತು. ಇದರಲ್ಲಿ ಸಕ್ಕರೆಯಂಥ ಒಂದು ಔಷಧವನ್ನು ರಕ್ತನಾಳಕ್ಕೆ ಚುಚ್ಚುತ್ತಾರೆ. ಅದಕ್ಕೆ ವಿಕಿರಣ ಸೂಸುವ ಫ್ಲೋರಿನ್ ಜೋಡಿಸಿರುತ್ತಾರೆ. ಹಸಿದ ಕ್ಯಾನ್ಸರ್ ಕೋಶಗಳು ಉಳಿದವಕ್ಕಿಂತ ಹೆಚ್ಚು ಸಕ್ಕರೆ ಎಳೆದುಕೊಳ್ಳುತ್ತವೆ. ಅಂಥ ಜಾಗಗಳು ಚಿತ್ರದಲ್ಲಿ ಉರಿಯುವ ದೀಪದಂತೆ ಕಾಣುತ್ತವೆ. ಆ ಫ್ಲೋರಿನ್ ಸುಮಾರು 110 ನಿಮಿಷಕ್ಕೆ ಅರ್ಧವಾಗುತ್ತದೆ, ಇನ್ನೊಂದು 110 ನಿಮಿಷಕ್ಕೆ ಅದರ ಅರ್ಧ. ಹಾಗಾಗಿ ತಯಾರಿಸಿದ ದಿನವೇ ಅವಸರದಿಂದ ತಂದು ಬಳಸಬೇಕು. ಕಡಿದ ಕಬ್ಬನ್ನು ಹೊಲದಲ್ಲಿ ಬಿಡದೆ ಉಗಾರದ ಕಾರ್ಖಾನೆಗೆ ಓಡಿಸುವುದಿಲ್ಲವೇ, ಹಾಗೆ. ಚುಚ್ಚಿಸಿಕೊಂಡ ಮೇಲೆ ಸುಮಾರು ಒಂದು ತಾಸು ಮಾತಾಡದೆ ಮಲಗಿರಬೇಕು. ಇವಳಿಗೆ ಅದೇ ಕಷ್ಟವಾಯಿತು. ಆಮೇಲೆ ಕೆಲವು ತಾಸು ಚಿಕ್ಕ ಮಕ್ಕಳಿಂದ ದೂರ ಇರಬೇಕು ಎಂದದ್ದಕ್ಕೆ ಮೊಮ್ಮಗ ಗಾಡಿಯಲ್ಲಿ ಮುಂದಿನ ಸೀಟಿನಲ್ಲಿ ಕೂತ.

ಇದನ್ನು ಕೇಳಿದ ಓಣಿಯವರು ಇವಳ ಚಹಾದ ಸಕ್ಕರೆ ನಿಲ್ಲಿಸಲು ಹೊರಟರು. ಸಕ್ಕರೆ ತಿಂದರೆ ಕ್ಯಾನ್ಸರಿಗೆ ಊಟ ಹಾಕಿದಂತೆ ಎಂದು ಅವರ ವಾದ. ಡಾಕ್ಟರಮ್ಮ ಅದನ್ನು ತಳ್ಳಿಹಾಕಿದರು. ಮೈಯ ಎಲ್ಲ ಕೋಶಗಳೂ ಸಕ್ಕರೆ ಬಳಸುತ್ತವೆ, ಮಿದುಳೂ ಚಿತ್ರದಲ್ಲಿ ದೀಪದಂತೆಯೇ ಉರಿಯುತ್ತದೆ, ಮಿದುಳಿಗೇನು ಕ್ಯಾನ್ಸರೇ? ಇವಳ ಚಹಾ ಹಳೆಯ ಸಿಹಿಯಲ್ಲೇ ಮುಂದುವರಿಯಿತು.

ಚಿತ್ರದಲ್ಲಿ ಒಂಬತ್ತು ದೀಪ ಉರಿದವು. ಮಾರ್ಚ್ ಮೊದಲ ವಾರ ಇಂಜೆಕ್ಷನ್ನು, ಗುಳಿಗೆ ಶುರುವಾದವು, ಎಲುಬು ಗಟ್ಟಿಮಾಡುವ ಸಲೈನೂ ಸೇರಿ. ಆ ತಿಂಗಳ ಕೊನೆಗೆ ದೇಶವೇ ಬಾಗಿಲು ಹಾಕಿತು, ಗಡಿಯಲ್ಲಿ ನಾಕಾ ಬಂತು. ವಾರಕ್ಕೊಂದು ಸಲ ದವಾಖಾನೆಯ ಕಾಗದ ತೋರಿಸಿ ಕಾಗವಾಡ ದಾಟಿದ್ದು ಇನ್ನೊಂದು ಕತೆ, ಇಲ್ಲಿ ಬೇಡ. ಕಡೆಗೆ ಬೆಳಗಾವಿಗೆ ಚಿಕಿತ್ಸೆ ಬದಲಿಸಿಕೊಂಡೆವು.

2021ರ ಆರಂಭದಲ್ಲಿ ಮತ್ತೆ ಪೆಟ್-ಸಿಟಿ ಆಯಿತು. ಒಂಬತ್ತೂ ದೀಪ ಆರಿದ್ದವು. ಮಗ ಡಾಕ್ಟರರ ಮುಂದೆಯೇ ಅತ್ತುಬಿಟ್ಟ. ಮೊಮ್ಮಗನಿಗೆ ಮಾತ್ರ ಸಮಾಧಾನವಿಲ್ಲ. ತಲೆಯ ಹೊಸ ಎಕ್ಸ್‌ರೇ ಹಿಡಿದು ನೋಡಿ, "ತೂತು ಹಂಗ ಅದಾವಲ್ಲ ಅಜ್ಜಾ" ಎಂದ. ನಾನು ಉತ್ತರ ಹುಡುಕುವ ಮೊದಲೇ ಇವಳು ಅಂದಳು: "ನುಸಿ ಸತ್ತರೂ ಕಾಳಿನ ತೂತು ಮುಚ್ಚತೈತೇನೋ ಹುಚ್ಚಾ?" ಡಾಕ್ಟರು ಇದನ್ನೇ ಹದಿನೈದು ನಿಮಿಷ ವಿವರಿಸಿದರು. ಕೋಶಗಳು ಸತ್ತರೂ ಎಲುಬಿನ ಗುರುತು ಬಹಳ ಕಾಲ ಹಾಗೆಯೇ ಉಳಿಯುತ್ತದೆ, ಆದ್ದರಿಂದ ಬ್ಯಾನಿ ಜೀವಂತ ಇದೆಯೋ ಇಲ್ಲವೋ ಎಂದು ಎಕ್ಸ್‌ರೇ ಹೇಳಲಾರದು, ಪೆಟ್ ಹೇಳಬಲ್ಲದು ಎಂದು.

ಈ ಬ್ಯಾನಿ ಪೂರ್ತಿ ಬಿಟ್ಟುಹೋಗುವುದು ಅಪರೂಪ. ಮಲಗುತ್ತದೆ, ಮತ್ತೆ ಏಳುತ್ತದೆ. ಅದನ್ನು ಮೊದಲ ದಿನವೇ ಹೇಳಿದ್ದರು. ಕಳೆದ ದೀಪಾವಳಿಯಿಂದ ಇವಳ ರಕ್ತದಲ್ಲಿ ಆ ಪ್ರೋಟೀನು ಸ್ವಲ್ಪ ಸ್ವಲ್ಪವೇ ಏರುತ್ತಿದೆ. ಟೊಂಕ ನೋಯುವುದಿಲ್ಲ. ಈ ಸಲ ನೋವಿಗೆ ಕಾಯದೆ ಬರುವ ವಾರ ಸ್ಕ್ಯಾನಿಗೆ ಹೊರಟಿದ್ದೇವೆ. ಐದನೇ ಇಯತ್ತೆಯ ಹುಡುಗ ಈಗ ಪಿಯುಸಿ ವಿಜ್ಞಾನ ಓದುತ್ತಾನೆ, ಅವನೇ ಜೊತೆಗೆ ಬರುವವನು.

ನಿನ್ನೆ ರಾತ್ರಿ ಅವನು ಮೊಬೈಲಿನಲ್ಲಿ ಏನೋ ನೋಡುತ್ತ, 2027ರ ಆಗಸ್ಟ್ 2ರಂದು ಮತ್ತೆ ಸೂರ್ಯಗ್ರಹಣ, ನಮ್ಮ ಕಡೆಗೂ ಸಂಜೆಯ ಹೊತ್ತು ಸ್ವಲ್ಪ ಕಾಣುತ್ತದೆ, ಅದಕ್ಕೆಂದೇ ಸಿಗುವ ಕನ್ನಡಕ ತರಿಸುತ್ತೇನೆ ಎಂದ. ಇವಳು ಕನ್ನಡಿಯ ಮುಂದೆ ಸಬಕಾರದ ನೀರು ಇಟ್ಟುಕೊಂಡು ಈಗಿನಿಂದಲೇ ಮೂಗುಬಟ್ಟು ಸಡಿಲ ಮಾಡುತ್ತ ಕೂತಿದ್ದಳು.

"ಆಗಸ್ಟನ್ಯಾಗ ಮಳಿ ಇರತೈತಿ," ಎಂದಳು. "ಇರಲಿ. ನನಗೂ ಒಂದು ತರಸು."